ಹಿಂದಿರುಗುವ ದಾರಿ: ಫ್ರಿಟ್ಯೋಫ್ ನಾನ್ಸೆನ್ (1861–1930)

ವಸಂತದ ಆರಂಭದಲ್ಲಿ ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್‌ಲೆಂಡಿನ ಜರ್ಮಾಟ್‌ವರೆಗೆ, ಕಾಲಿಗೆ ಸ್ಕೀ ಕಟ್ಟಿಕೊಂಡ ಸಣ್ಣ ತಂಡಗಳು ಮಾರ್ಗದರ್ಶಿಯೊಬ್ಬರ ಹಿಂದೆ ಆರೇಳು ದಿನ ಆಲ್ಪ್ಸ್‌ನ ಹಿಮನದಿಗಳನ್ನು ದಾಟುತ್ತ ಸಾಗುತ್ತವೆ. ರಾತ್ರಿ ಪರ್ವತದ ತಂಗುಮನೆಗಳಲ್ಲಿ ಉಳಿಯುತ್ತವೆ. ಹವೆ ಕೆಟ್ಟರೆ ಅಥವಾ ಯಾರಾದರೂ ಗಾಯಗೊಂಡರೆ ಯಾವ ಕಣಿವೆಗೆ ಇಳಿಯಬೇಕೆಂಬುದನ್ನು ಮಾರ್ಗದರ್ಶಿ ಮೊದಲೇ ನಿಶ್ಚಯಿಸಿರುತ್ತಾರೆ. ಹಿಂದಿರುಗುವ ದಾರಿಯನ್ನು ತೆರೆದಿಡುವುದು ಅವರ ವೃತ್ತಿಧರ್ಮ. ಸ್ಕೀ ತೊಟ್ಟು ಹಿಮಪ್ರದೇಶಗಳನ್ನು ದಾಟಬಹುದೆಂಬುದನ್ನು ಮಧ್ಯ ಯುರೋಪಿಗೆ ಮನಗಾಣಿಸಿದವರಲ್ಲಿ ಪ್ರಮುಖರಾದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಮಾತ್ರ ತಮ್ಮ ಮೊದಲ ಮಹಾಯಾತ್ರೆಯಲ್ಲಿ ಆ ದಾರಿಯನ್ನು ಉದ್ದೇಶಪೂರ್ವಕವಾಗಿಯೇ ಮುಚ್ಚಿಕೊಂಡು ಹೊರಟರು. ಅವರೇ ಬದುಕಿನ ಕೊನೆಯ ಹತ್ತು ವರ್ಷಗಳನ್ನು, ಊರಿಗೆ ಮರಳುವ ದಾರಿ ಇಲ್ಲದವರಿಗಾಗಿ ಸವೆಸಿದರು.

ನಾನ್ಸೆನ್ 1861ರ ಅಕ್ಟೋಬರ್ 10ರಂದು ಇಂದು ಓಸ್ಲೋ ಎನ್ನಿಸಿಕೊಂಡಿರುವ ಕ್ರಿಸ್ಟಿಯಾನಿಯಾದ ಹೊರವಲಯದಲ್ಲಿ ಜನಿಸಿದರು. ತಂದೆ ವಕೀಲರು, ತಾಯಿಗೆ ಸ್ಕೀಯಲ್ಲಿ ಆಸಕ್ತಿ. ಮನೆಯ ಹಿಂದಿನ ಕಾಡೇ ಬಾಲಕನ ಆಟದ ಬಯಲಾಗಿತ್ತು. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡ ಅವರು 1882ರಲ್ಲಿ ಸೀಲ್ ಬೇಟೆಯ ಹಡಗೊಂದರಲ್ಲಿ ಆರ್ಕ್ಟಿಕ್ ಸಮುದ್ರಕ್ಕೆ ಹೋದರು. ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಾಗ ದೂರದಲ್ಲಿ ಗ್ರೀನ್‌ಲೆಂಡಿನ ಪೂರ್ವ ಕರಾವಳಿ ಕಂಡಿತು. ಅದರ ಒಳನಾಡನ್ನು ಅಲ್ಲಿಯವರೆಗೆ ಯಾರೂ ಅಡ್ಡವಾಗಿ ದಾಟಿರಲಿಲ್ಲ.

ಆ ವರ್ಷವೇ ಅವರು ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗಕ್ಕೆ ಸೇರಿದರು. 1884ರ ಚಳಿಗಾಲದಲ್ಲಿ ಕ್ರಿಸ್ಟಿಯಾನಿಯಾದ ಸ್ಕೀ ಸ್ಪರ್ಧೆಯೊಂದರಲ್ಲಿ ಭಾಗವಹಿಸಲೆಂದು ನಡುವಿನ ಪರ್ವತಗಳನ್ನು ಸ್ಕೀಯ ಮೇಲೆ ದಾಟಿ ಹೋಗಿ, ಹಾಗೆಯೇ ಮರಳಿದರು. ಹಗಲಿನ ಉದ್ಯೋಗ ಸೂಕ್ಷ್ಮದರ್ಶಕದ ಮುಂದೆ. 1886ರಲ್ಲಿ ಇಟಲಿಯ ಪಾವಿಯಾಕ್ಕೆ ಹೋಗಿ, ನರಕೋಶಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕೊಡುವ ವಿಧಾನವನ್ನು ಕಮಿಲ್ಲೊ ಗಾಲ್ಜಿಯವರಲ್ಲಿ ಅಭ್ಯಾಸ ಮಾಡಿದರು. ನರಮಂಡಲವು ಒಂದಕ್ಕೊಂದು ಬೆಸೆದುಕೊಂಡ ಅಖಂಡ ಜಾಲವೆಂಬುದು ಗಾಲ್ಜಿಯವರ ಮತ. ತಮ್ಮ ಸಿದ್ಧಿಕೆಗಳಲ್ಲಿ ಅಂಥ ಬೆಸುಗೆ ನಾನ್ಸೆನ್‌ಗೆ ಕಾಣಲಿಲ್ಲ, ಕಾಣಲಿಲ್ಲವೆಂದೇ ಬರೆದರು. ನರಕೋಶ ಸಿದ್ಧಾಂತದ ಕೀರ್ತಿ ಮುಖ್ಯವಾಗಿ ಸ್ಪೇನಿನ ಕಹಾಲ್ ಅವರಿಗೆ ಸಂದಿತು, ಅದು ನ್ಯಾಯವೇ. ಆದರೂ ನಾವು ವೈದ್ಯರು ವಿದ್ಯಾರ್ಥಿದೆಸೆಯಲ್ಲಿ ಕಲಿಯುವ ಆ ಪಾಠದ ಆರಂಭದ ಪುಟಗಳಲ್ಲಿ ನಾನ್ಸೆನ್ ಅವರದೂ ಒಂದು ಪಾಲಿದೆ. 1888ರ ವಸಂತದಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಸಮರ್ಥಿಸಿಕೊಂಡ ಕೆಲವೇ ದಿನಗಳಲ್ಲಿ ಅವರು ಗ್ರೀನ್‌ಲೆಂಡಿಗೆ ಹೊರಟರು.

ಹಿಂದಿನ ಪ್ರಯತ್ನಗಳು ಜನವಸತಿಯಿದ್ದ ಪಶ್ಚಿಮ ತೀರದಿಂದ ಆರಂಭವಾಗಿದ್ದವು. ಕಷ್ಟ ಬಂದೊಡನೆ ಅವು ಹಿಂದಿರುಗಿದ್ದವು. ನಾನ್ಸೆನ್ ಬಹುತೇಕ ನಿರ್ಜನವಾದ ಪೂರ್ವ ತೀರದಿಂದ ಹೊರಡಲು ನಿರ್ಧರಿಸಿದರು. ಇಳಿಸಿದ ಹಡಗು ಕಾಯುವುದಿಲ್ಲ. ಆಹಾರ, ಆಶ್ರಯ, ಜನ ಎಲ್ಲವೂ ಇರುವುದು ಪಶ್ಚಿಮದಲ್ಲಿ. ಆದ್ದರಿಂದ ಮುಂದೆ ಹೋಗುವುದೊಂದೇ ಬದುಕುವ ಉಪಾಯ. ನಾರ್ವೆಯ ಸಂಸತ್ತು ಇದಕ್ಕೆ ಹಣ ಕೊಡಲಿಲ್ಲ. ಕೋಪನ್‌ಹೇಗನ್ನಿನ ವರ್ತಕರೊಬ್ಬರು ಕೊಟ್ಟರು.

ತಂಡದಲ್ಲಿ ಆರು ಜನ: ನಾನ್ಸೆನ್, ಒಟ್ಟೊ ಸ್ವೆರ್‌ಡ್ರುಪ್, ಒಲುಫ್ ಡೀಟ್ರಿಕ್‌ಸನ್, ಕ್ರಿಸ್ಟಿಯಾನ್ ಟ್ರಾನಾ ಮತ್ತು ಉತ್ತರದ ಸಾಮಿ ಜನಾಂಗದ ಸಾಮುವೆಲ್ ಬಾಲ್ಟೊ, ಓಲೆ ನೀಲ್‌ಸನ್ ರಾವ್ನಾ. ಸಾಮಿ ಜನರಿಗೆ ಹಿಮವೂ ಸ್ಕೀಯೂ ಹುಟ್ಟಿನಿಂದ ಪರಿಚಿತ. ಅವರಿಬ್ಬರೂ ಕೂಲಿಗಾಗಿ ಬಂದವರು. ರಾವ್ನಾ ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದರು. ದಾರಿ ಕಡಿದುಕೊಳ್ಳುವ ತತ್ವ ನಾಯಕನದಾಗಿತ್ತು, ಅಪಾಯ ಮಾತ್ರ ಆರು ಜನರದು. ಜುಲೈ 17ರಂದು ಹಡಗಿನಿಂದ ದೋಣಿಗಿಳಿದವರು ತೀರ ಸೇರಲಾಗದೆ, ತೇಲುವ ಮಂಜುಗಡ್ಡೆಯ ಮೇಲೆ ಸುಮಾರು 12 ದಿನ ದಕ್ಷಿಣಕ್ಕೆ ಸಾಗಿಹೋದರು. ಅಲೆಗಳು ಗಡ್ಡೆಯನ್ನು ಒಡೆಯತೊಡಗಿದಾಗ ಸಾವು ಖಚಿತವೆಂದು ತಿಳಿದ ಸಾಮಿಗಳಿಬ್ಬರೂ ಬೈಬಲ್ ತೆರೆದು ಕುಳಿತರು. ಕೊನೆಗೂ ತೀರ ಸೇರಿ, ಮತ್ತೆ ಉತ್ತರಕ್ಕೆ ಹುಟ್ಟು ಹಾಕಿ, ಆಗಸ್ಟ್ ಮಧ್ಯದಲ್ಲಿ ಉಮಿವಿಕ್ ಎಂಬಲ್ಲಿಂದ ಏರತೊಡಗಿದರು.

ಹಿಮದ ಬಿರುಕುಗಳ ನಡುವೆ ಜಾರುಬಂಡಿಗಳನ್ನು ಎಳೆಯುತ್ತ ಅವರು 2,700 ಮೀಟರಿಗೂ ಎತ್ತರದ ಪ್ರಸ್ಥಭೂಮಿಯನ್ನು ತಲುಪಿದರು. ರಾತ್ರಿಯ ಚಳಿ ಮೈನಸ್ 45 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತಿತ್ತು. ಸುತ್ತಲೂ ಹಿಮವಿದ್ದರೂ ಕುಡಿಯುವ ನೀರಿರಲಿಲ್ಲ. ಬಾಟಲಿಗೆ ಹಿಮ ತುಂಬಿ, ಎದೆಗೆ ಒತ್ತಿಕೊಂಡು ಕರಗಿಸುತ್ತಿದ್ದರು. ಅದಕ್ಕಿಂತ ದೊಡ್ಡ ತಪ್ಪು ಆಹಾರದ್ದು. ತಂದಿದ್ದ ಒಣಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ ಇತ್ತು. ಒಂದು ಗ್ರಾಂ ಕೊಬ್ಬು ಸುಮಾರು 9 ಕ್ಯಾಲೊರಿ ಕೊಟ್ಟರೆ ಮಾಂಸದ ಪ್ರೋಟೀನು ಕೊಡುವುದು 4 ಮಾತ್ರ. ಇಡೀ ದಿನ ಬಂಡಿ ಎಳೆಯುವವನ ಚಳಿಗೂ ದುಡಿಮೆಗೂ ಅದು ಸಾಲದು. ಹೊಟ್ಟೆ ತುಂಬಿದರೂ ಹಸಿವು ಇಂಗುತ್ತಿರಲಿಲ್ಲ. ಪಾಲಿಗೆ ಬಂದ ಬೆಣ್ಣೆಯನ್ನು ಅವರು ಹಾಗೆಯೇ ತಿಂದು ಮುಗಿಸುತ್ತಿದ್ದರು.

ಹಟವಾದಿಯೆನಿಸಿದ ನಾಯಕ ಇಲ್ಲಿ ಯೋಜನೆಯನ್ನು ಬದಲಿಸಿದ್ದನ್ನೂ ಗಮನಿಸಬೇಕು. ಕಾಲ ಮಿಂಚುತ್ತಿದೆಯೆಂದು ಅರಿತು, ವಾಯವ್ಯದ ದೂರದ ಗುರಿಯನ್ನು ಬಿಟ್ಟು ಹತ್ತಿರದ ಗಾಡ್‌ಥಾಬ್ ಕಡೆಗೆ, ಅಂದರೆ ಇಂದಿನ ನೂಕ್ ಕಡೆಗೆ ತಿರುಗಿದರು. ಸೆಪ್ಟೆಂಬರ್ ಆರಂಭದಿಂದ 19 ದಿನ ಬೆಳಗಿನಿಂದ ಸಂಜೆಯವರೆಗೆ ಸ್ಕೀ ಕಾಲಿನಿಂದ ಇಳಿಯಲಿಲ್ಲ. ಗಾಳಿ ಅನುಕೂಲವಾದಾಗ ಬಂಡಿಗಳಿಗೆ ಹಾಯಿ ಕಟ್ಟಿದರು. ತಿಂಗಳ ಕೊನೆಯ ವಾರದಲ್ಲಿ ಪಶ್ಚಿಮದ ಕಡಲಕವಲು ಸಿಕ್ಕಿತು. ಅಲ್ಲಿ ಪೊದೆಯ ಕೊಂಬೆಗಳಿಗೆ ಡೇರೆಯ ಬಟ್ಟೆ ಹೊಲಿದು ಪುಟ್ಟ ದೋಣಿ ಮಾಡಿ, ನಾನ್ಸೆನ್ ಮತ್ತು ಸ್ವೆರ್‌ಡ್ರುಪ್ ಅಕ್ಟೋಬರ್ 3ರಂದು ಗಾಡ್‌ಥಾಬ್ ಮುಟ್ಟಿದರು. ಎದುರಾದ ಡೆನ್ಮಾರ್ಕಿನ ಅಧಿಕಾರಿ ಮೊದಲು ಅಭಿನಂದಿಸಿದ್ದು ಡಾಕ್ಟರೇಟ್ ದೊರೆತುದಕ್ಕೆ. ಆ ಸುದ್ದಿ ಹಡಗಿನಲ್ಲಿ ಅವರಿಗಿಂತ ಮುಂಚೆಯೇ ಬಂದಿತ್ತು. ಉಳಿದ ನಾಲ್ವರೂ ಸುರಕ್ಷಿತವಾಗಿ ಬಂದು ಸೇರಿದರು.

ವರ್ಷದ ಕೊನೆಯ ಹಡಗು ತಪ್ಪಿದ್ದರಿಂದ ಚಳಿಗಾಲವನ್ನು ಅಲ್ಲಿಯೇ ಕಳೆಯಬೇಕಾಯಿತು. ನಾನ್ಸೆನ್ ಸ್ಥಳೀಯ ಇನ್ಯೂಟ್ ಜನರಿಂದ ಕಯಾಕ್ ನಡೆಸುವುದನ್ನು ಕಲಿತರು. 1890ರಲ್ಲಿ ಪ್ರಕಟವಾದ ಅವರ ಪ್ರವಾಸಗ್ರಂಥ ಜರ್ಮನ್ ಭಾಷೆಗೂ ಹೋಗಿ ಆಲ್ಪ್ಸ್ ಪ್ರದೇಶದಲ್ಲಿ ಸ್ಕೀಯ ಹುಚ್ಚನ್ನೇ ಹಿಡಿಸಿತು. ಆಸ್ಟ್ರಿಯದ ಮಥಿಯಾಸ್ ಜ್ಡಾರ್‌ಸ್ಕಿ ಕಡಿದಾದ ಇಳಿಜಾರಿಗೆ ತಕ್ಕ ಸ್ಕೀ ವಿಧಾನವನ್ನು ರೂಪಿಸಿದರು. ಜರ್ಮನಿಯ ವಿಲ್‌ಹೆಲ್ಮ್ ಪೌಲ್ಕೆ ಮತ್ತು ಸಂಗಡಿಗರು 1897ರಲ್ಲಿ ಬರ್ನೀಸ್ ಓಬರ್‌ಲೆಂಡನ್ನು ಸ್ಕೀಯ ಮೇಲೆ ದಾಟಿದರು.

1893ರಲ್ಲಿ ನಾನ್ಸೆನ್ ಫ್ರಾಮ್ ಎಂಬ ಹಡಗಿನಲ್ಲಿ ಮತ್ತೆ ಹೊರಟರು. ಫ್ರಾಮ್ ಎಂದರೆ ಮುಂದಕ್ಕೆ ಎಂದರ್ಥ. ಹಡಗನ್ನು ಮಂಜುಗಡ್ಡೆಯಲ್ಲಿ ಸಿಕ್ಕಿಸಿ, ಅದರೊಡನೆ ಉತ್ತರ ಧ್ರುವದತ್ತ ತೇಲಿಹೋಗುವ ಯೋಜನೆ ಅದು. ಮನೆಯಲ್ಲಿ ಪತ್ನಿ ಏವಾ ಮತ್ತು ಕೆಲವೇ ತಿಂಗಳ ಮಗಳಿದ್ದರು. ಹಡಗು ಧ್ರುವದತ್ತ ಸಾಗದೆಂದು ತಿಳಿದಾಗ, 1895ರ ಮಾರ್ಚ್‌ನಲ್ಲಿ ಯಾಲ್ಮಾರ್ ಯೋಹಾನ್‌ಸನ್ ಜೊತೆ ನಾಯಿಬಂಡಿ ಮತ್ತು ಸ್ಕೀಗಳೊಡನೆ ಇಳಿದು ನಡೆದರು. ಏಪ್ರಿಲ್ 8ರಂದು, ಅಲ್ಲಿಯವರೆಗೆ ಮನುಷ್ಯ ಮುಟ್ಟಿದ ಅತ್ಯಂತ ಉತ್ತರದ ತಾಣದಲ್ಲಿ, 86 ಡಿಗ್ರಿ ಅಕ್ಷಾಂಶವನ್ನು ದಾಟಿದ ಮೇಲೆ, ನಾನ್ಸೆನ್ ಹಿಂದಿರುಗಲು ನಿಶ್ಚಯಿಸಿದರು. ಧ್ರುವ ಇನ್ನೂ ದೂರವಿತ್ತು. ಮುಂದುವರಿದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಫ್ರಾನ್ಸ್ ಜೋಸೆಫ್ ಲ್ಯಾಂಡ್‌ನಲ್ಲಿ ಕಲ್ಲಿನ ಗುಡಿಸಲು ಕಟ್ಟಿ, ಕರಡಿ ಮತ್ತು ವಾಲ್ರಸ್ ಮಾಂಸ ತಿಂದು ಚಳಿಗಾಲ ಕಳೆದರು. ಕೊಬ್ಬಿಗೆ ಈ ಸಲ ಕೊರತೆಯಿರಲಿಲ್ಲ. ಹೊರಬಂದಾಗ ಅವರ ತೂಕ ಹೆಚ್ಚಿತ್ತು. 1896ರಲ್ಲಿ ಅವರೂ, ಬೇರೆಯಾಗಿ ಫ್ರಾಮ್ ಹಡಗೂ, ಒಬ್ಬರನ್ನೂ ಕಳೆದುಕೊಳ್ಳದೆ ನಾರ್ವೆಗೆ ಮರಳಿದರು.

1906ರಿಂದ 1908ರವರೆಗೆ ಅವರು ಲಂಡನ್ನಿನಲ್ಲಿ ಸ್ವತಂತ್ರ ನಾರ್ವೆಯ ರಾಯಭಾರಿಯಾಗಿದ್ದರು. 1907ರ ಡಿಸೆಂಬರಿನಲ್ಲಿ ಏವಾ ಕಾಯಿಲೆಯ ಸುದ್ದಿ ತಿಳಿದು ಹೊರಟರೂ, ಅವರು ಮನೆ ಮುಟ್ಟುವ ಮುನ್ನವೇ ಆಕೆ ತೀರಿಹೋಗಿದ್ದರು.

ಮೊದಲ ಮಹಾಯುದ್ಧ ಮುಗಿದು ವರ್ಷ ಕಳೆದರೂ ಲಕ್ಷಾಂತರ ಯುದ್ಧಕೈದಿಗಳು ಸೈಬೀರಿಯಾ ಮೊದಲಾದ ಕಡೆ ಉಳಿದಿದ್ದರು. 1920ರಲ್ಲಿ ರಾಷ್ಟ್ರಸಂಘ ಅವರನ್ನು ಮನೆಗೆ ತಲುಪಿಸುವ ಹೊಣೆಯನ್ನು ನಾನ್ಸೆನ್‌ಗೆ ವಹಿಸಿತು. 1922ರ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಜನ ಸ್ವದೇಶ ಸೇರಿದರು. ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. 1921ರಲ್ಲಿ ರಷ್ಯದ ಕ್ಷಾಮಕ್ಕೆ ನೆರವು ಬೇಡಿದಾಗ ರಾಷ್ಟ್ರಸಂಘ ಹಣ ಕೊಡಲಿಲ್ಲ; ಖಾಸಗಿ ದೇಣಿಗೆಯನ್ನು ಅವಲಂಬಿಸಬೇಕಾಯಿತು. ಗ್ರೀಸ್ ಮತ್ತು ತುರ್ಕಿಗಳ ನಡುವಿನ ಜನವಿನಿಮಯದಲ್ಲಿ ಅವರ ಪಾತ್ರ ಇಂದಿಗೂ ಚರ್ಚೆಗೆ ಒಳಗಾಗುತ್ತದೆ. ಅದು ಅನೇಕರನ್ನು ಹುಟ್ಟಿದೂರಿನಿಂದ ಶಾಶ್ವತವಾಗಿ ಕಿತ್ತುಹಾಕಿತು.

ಕ್ರಾಂತಿಯ ನಂತರ ದೇಶ ಬಿಟ್ಟ ರಷ್ಯನ್ನರ ಪೌರತ್ವವನ್ನು ಸೋವಿಯತ್ ಸರಕಾರ ರದ್ದುಪಡಿಸಿತು. ಯಾವ ರಾಷ್ಟ್ರಕ್ಕೂ ಸೇರದ ಇವರಿಗಾಗಿ 1922ರ ಜುಲೈನಲ್ಲಿ ಜಿನೀವಾದಲ್ಲಿ ಗುರುತುಪತ್ರವೊಂದು ರೂಪುಗೊಂಡಿತು. ಜನ ಅದನ್ನು ನಾನ್ಸೆನ್ ಪಾಸ್‌ಪೋರ್ಟ್ ಎಂದರು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್, ಕಾದಂಬರಿಕಾರ ನಬೊಕೊವ್ ಇದನ್ನು ಹಿಡಿದು ಸಂಚರಿಸಿದವರು. ಆದರೆ ಮೊದಲ ಪತ್ರದಲ್ಲಿ ದೊಡ್ಡ ಕೊರತೆಯಿತ್ತು: ಅದನ್ನು ಕೊಟ್ಟ ದೇಶದಿಂದ ಹೊರಹೋದವನಿಗೆ ಅಲ್ಲಿಗೆ ಮರಳಿ ಬರುವ ಹಕ್ಕು ತಾನಾಗಿಯೇ ಸಿಗುತ್ತಿರಲಿಲ್ಲ. 1926ರ ಒಪ್ಪಂದ ಮರುಪ್ರವೇಶದ ವೀಸಾಕ್ಕೆ ಅವಕಾಶ ಕಲ್ಪಿಸಿತು. ಪರದೇಶದಲ್ಲಿದ್ದು, ಊರಿಗೆ ಹೊರಡುವ ಮುನ್ನ ಮರಳಿ ಬರಲು ಬೇಕಾದ ಮೊಹರನ್ನು ಪರೀಕ್ಷಿಸಿಕೊಳ್ಳುವ ನಮಗೆ ಈ ಸಣ್ಣ ತಿದ್ದುಪಡಿಯ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ.

1922ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಅರ್ಮೇನಿಯದ ನಿರಾಶ್ರಿತರಿಗೆ ನೆಲೆ ಒದಗಿಸಲು ಅವರು ಕೊನೆಯವರೆಗೂ ದುಡಿದರು. ಅದಕ್ಕೆ ಬೇಕಾದ ಹಣ ಬರಲೇ ಇಲ್ಲ. 1930ರ ಮೇ 13ರಂದು ಲೀಸಾಕರ್‌ನ ಸ್ವಗೃಹದಲ್ಲಿ ನಾನ್ಸೆನ್ ನಿಧನರಾದರು. ಮೇ 17ರಂದು, ನಾರ್ವೆಯ ಸಂವಿಧಾನ ದಿನದಂದೇ, ಸರಕಾರಿ ಗೌರವಗಳೊಡನೆ ಅವರ ಅಂತ್ಯಕ್ರಿಯೆ ನಡೆಯಿತು. ಅವರ ಹೆಸರಿನ ನಿರಾಶ್ರಿತರ ಕಚೇರಿ ಆ ಕೆಲಸವನ್ನು ಮುಂದುವರಿಸಿತು. 1938ರಲ್ಲಿ ಅದಕ್ಕೂ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.