ಸೂಪರ್‌ಸ್ಟಾರ್ ಜೈಲು ಸೇರಿದ ಆ ಕೇಸ್: 80 ವರ್ಷವಾದರೂ ಬಗೆಹರಿಯದ ಮದ್ರಾಸ್ ಕೊಲೆ ರಹಸ್ಯ

ಚೆನ್ನೈ ಇನ್ನೂ ಮದ್ರಾಸ್ ಆಗಿದ್ದ ಕಾಲ. 1944ರ ದೀಪಾವಳಿಗೆ ತೆರೆಕಂಡ ತಮಿಳು ಚಿತ್ರ 'ಹರಿದಾಸ್', ಬ್ರಾಡ್‌ವೇ ಚಿತ್ರಮಂದಿರದಲ್ಲಿ ಒಂದಲ್ಲ, ಮೂರು ದೀಪಾವಳಿ ಕಂಡಿತು. ಆದರೆ ಎರಡನೇ ದೀಪಾವಳಿ ಬರುವಷ್ಟರಲ್ಲಿ ಅದರ ನಾಯಕ ಎಂ.ಕೆ. ತ್ಯಾಗರಾಜ ಭಾಗವತರ್ ಜೈಲಿನಲ್ಲಿದ್ದರು. ಅವರ ಮೇಲಿದ್ದದ್ದು ಕೊಲೆ ಸಂಚಿನ ಆರೋಪ.

ನಾಟಕದಿಂದ ಸಿನಿಮಾಗೆ

ಮಾಯವರಂನ ಅಕ್ಕಸಾಲಿಗರ ಮನೆಯಲ್ಲಿ 1910ರಲ್ಲಿ ಹುಟ್ಟಿದ ಭಾಗವತರ್ ಬೆಳೆದದ್ದು ತಿರುಚಿರಾಪಳ್ಳಿಯಲ್ಲಿ. ಬಾಲಕನ ಕಂಠಕ್ಕೆ ಮನಸೋತ ನಾಟಕಪ್ರೇಮಿ ಎಫ್.ಜಿ. ನಟೇಶ ಅಯ್ಯರ್, ತಮ್ಮ 'ಹರಿಶ್ಚಂದ್ರ' ನಾಟಕದಲ್ಲಿ ಲೋಹಿತಾಶ್ವನ ಪಾತ್ರ ಕೊಟ್ಟರು. ಮುಂದೆ ರಂಗದ ಮೇಲೆ ಹೆಸರು ತಂದುಕೊಟ್ಟ 'ಪವಳಕ್ಕೊಡಿ' 1934ರಲ್ಲಿ ಸಿನಿಮಾ ಆಯಿತು. 1937ರ 'ಚಿಂತಾಮಣಿ' ವರ್ಷಕ್ಕೂ ಹೆಚ್ಚು ಕಾಲ ಓಡಿತು. ತಮಿಳಿನ ಮೊದಲ ಸೂಪರ್‌ಸ್ಟಾರ್ ಎಂಬ ಪಟ್ಟ ಅವರದಾಯಿತು.

ವೇಪೇರಿಯಲ್ಲಿ ಚಾಕು ಇರಿತ

ಅದೇ ಹೊತ್ತಿಗೆ ಮದ್ರಾಸಿನಲ್ಲಿ ಸಿ.ಎನ್. ಲಕ್ಷ್ಮೀಕಾಂತನ್ ಎಂಬ ಪತ್ರಕರ್ತ ಸಿನಿಮಾ ಮಂದಿಯ ನಿದ್ದೆ ಕೆಡಿಸಿದ್ದ. ನಟ-ನಟಿಯರ ಖಾಸಗಿ ಬದುಕಿನ ಬಗ್ಗೆ ಬರೆಯುವುದು, ಬರೆಯದಿರಲು ಹಣ ಕೇಳುವುದು ಅವನ ದಂಧೆ ಎಂಬ ದೂರುಗಳಿದ್ದವು. ಭಾಗವತರ್, ಹಾಸ್ಯನಟ ಎನ್.ಎಸ್. ಕೃಷ್ಣನ್ ಮತ್ತು ನಿರ್ದೇಶಕ ಶ್ರೀರಾಮುಲು ನಾಯ್ಡು ಗವರ್ನರ್‌ಗೆ ಮನವಿ ಕೊಟ್ಟು 'ಸಿನಿಮಾ ತೂದು' ಪತ್ರಿಕೆಯ ಪರವಾನಗಿ ರದ್ದು ಮಾಡಿಸಿದರು. ಅವನು 'ಹಿಂದೂ ನೇಸನ್' ಹೆಸರಿನಲ್ಲಿ ಮತ್ತೆ ಶುರು ಮಾಡಿದ.

1944ರ ನವೆಂಬರ್ 8ರಂದು ವೇಪೇರಿಯಲ್ಲಿ ವಕೀಲರ ಮನೆಯಿಂದ ರಿಕ್ಷಾದಲ್ಲಿ ಮರಳುತ್ತಿದ್ದಾಗ ಅವನಿಗೆ ಚಾಕು ಇರಿತವಾಯಿತು. ಮರುದಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಅನುಮಾನ ನೇರವಾಗಿ ಮನವಿ ಕೊಟ್ಟವರತ್ತ ತಿರುಗಿತು. ಡಿಸೆಂಬರ್‌ನಲ್ಲಿ ಮೂವರೂ ಬಂಧನಕ್ಕೊಳಗಾದರು.

ಶಿಕ್ಷೆ, ನಂತರ ಬಿಡುಗಡೆ

1945ರಲ್ಲಿ ತೀರ್ಪು ಬಂತು. ನಾಯ್ಡು ಖುಲಾಸೆಯಾದರು. ಭಾಗವತರ್ ಮತ್ತು ಕೃಷ್ಣನ್‌ಗೆ ಜೀವಾವಧಿ ಶಿಕ್ಷೆಯಾಯಿತು. ಮದ್ರಾಸ್ ಹೈಕೋರ್ಟ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಕೊನೆಗೆ ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟಿತು. ಮೇಲ್ಮನವಿಯನ್ನು ಮತ್ತೆ ಆಲಿಸುವಂತೆ ಆದೇಶ ಬಂತು. ಈ ಬಾರಿ ಸಾಕ್ಷ್ಯಗಳು ನಿಲ್ಲಲಿಲ್ಲ. 1947ರ ಏಪ್ರಿಲ್‌ನಲ್ಲಿ, ಸ್ವಾತಂತ್ರ್ಯಕ್ಕೆ ನಾಲ್ಕು ತಿಂಗಳಿರುವಾಗ, ಇಬ್ಬರೂ ಬಿಡುಗಡೆಯಾದರು.

ಮರಳಿ ಬಾರದ ವೈಭವ

ಹೊರಬಂದ ಕೃಷ್ಣನ್ ಮತ್ತೆ ಪ್ರೇಕ್ಷಕರನ್ನು ನಗಿಸಿದರು, ಚಿತ್ರಗಳನ್ನೂ ನಿರ್ದೇಶಿಸಿದರು. ಭಾಗವತರ್ ಪಾಲಿಗೆ ಮಾತ್ರ ಕಾಲ ಮುಂದೆ ಸಾಗಿಬಿಟ್ಟಿತ್ತು. ಹಾಡಿಗಿಂತ ಸಂಭಾಷಣೆಗೆ ಚಪ್ಪಾಳೆ ಬೀಳುವ ದಿನಗಳು ಬಂದಿದ್ದವು. 1948ರ 'ರಾಜಮುಕ್ತಿ' ಸೋತಿತು. ನಂತರದ ಚಿತ್ರಗಳೂ ಕೈಹಿಡಿಯಲಿಲ್ಲ. ಆರೋಗ್ಯವೂ ಕೆಟ್ಟಿತು. 1959ರ ನವೆಂಬರ್ 1ರಂದು ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಅವರಿಗೆ 49 ವರ್ಷ.

ನ್ಯಾಯಾಲಯ ಅವರನ್ನು ನಿರಪರಾಧಿ ಎಂದಿತು. ಆದರೆ ಜೈಲಿನಲ್ಲಿ ಕಳೆದ ಎರಡು ವರ್ಷಕ್ಕೂ ಹೆಚ್ಚಿನ ಕಾಲವನ್ನು ಯಾವ ತೀರ್ಪೂ ಹಿಂದಿರುಗಿಸಲಿಲ್ಲ. ಲಕ್ಷ್ಮೀಕಾಂತನ್‌ನನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.