ಜಾನ್ ಮ್ಯೂರ್

ಜಾನ್ ಮ್ಯೂರ್ (೨೧ ಏಪ್ರಿಲ್ ೧೮೩೮ – ೨೪ ಡಿಸೆಂಬರ್ ೧೯೧೪) ಸ್ಕಾಟ್ಲೆಂಡ್ ಮೂಲದ ಅಮೆರಿಕದ ನಿಸರ್ಗತಜ್ಞ, ಲೇಖಕ ಹಾಗೂ ಅರಣ್ಯ ಸಂರಕ್ಷಣೆಯ ಪ್ರತಿಪಾದಕರು.

ಜೀವನ

ಡನ್‌ಬಾರ್‌ನಲ್ಲಿ ಜನಿಸಿದ ಮ್ಯೂರ್ ೧೮೪೯ರಲ್ಲಿ ಕುಟುಂಬದೊಂದಿಗೆ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಬಂದರು. ೧೮೬೭ರಲ್ಲಿ ಕಾರ್ಖಾನೆಯೊಂದರಲ್ಲಿ ಕಣ್ಣಿಗೆ ಪೆಟ್ಟು ಬಿದ್ದು ಕೆಲಕಾಲ ದೃಷ್ಟಿ ಕಳೆದುಕೊಂಡರು. ದೃಷ್ಟಿ ಮರಳಿದ ಮೇಲೆ ಯಂತ್ರಗಳ ಕೆಲಸವನ್ನು ತೊರೆದು, ಗಿಡಮೂಲಿಕೆಗಳನ್ನು ಪರಿಶೀಲಿಸುತ್ತ ಫ್ಲಾರಿಡಾದವರೆಗೆ ಸುಮಾರು ೧,೦೦೦ ಮೈಲಿ ನಡೆದರು. ೧೮೬೮ರ ವಸಂತದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಕಾಡುಹೂಗಳು ತುಂಬಿದ್ದ ಬಯಲನ್ನು ಕಾಲ್ನಡಿಗೆಯಲ್ಲಿ ದಾಟಿ ಯೊಸೆಮಿಟಿ ಕಣಿವೆಯನ್ನು ತಲುಪಿದರು. ೧೮೯೨ರಲ್ಲಿ ಸ್ಥಾಪನೆಯಾದ ಸಿಯೆರಾ ಕ್ಲಬ್‌ನ ಮೊದಲ ಅಧ್ಯಕ್ಷರಾದ ಅವರು ಕೊನೆಯವರೆಗೂ ಆ ಸ್ಥಾನದಲ್ಲಿದ್ದರು.

೧೯೦೩ರ ಶಿಬಿರ

೧೯೦೩ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರು ಮ್ಯೂರ್ ಅವರೊಡನೆ ಯೊಸೆಮಿಟಿ ಪ್ರದೇಶದಲ್ಲಿ ಮೂರು ರಾತ್ರಿ ಬಿಡಾರ ಹೂಡಿದರು. ಮೊದಲ ರಾತ್ರಿಯನ್ನು ಮಾರಿಪೋಸಾ ತೋಪಿನ ದೈತ್ಯ ಸಿಕ್ವೊಯಾ ಮರಗಳ ಕೆಳಗೆ ಕಳೆದರು. ಎರಡನೆಯ ರಾತ್ರಿ ಹಿಮ ಬಿದ್ದಿತು. ಪಕ್ಷಿಪ್ರಿಯರಾದ ರೂಸ್‌ವೆಲ್ಟ್ ಹರ್ಮಿಟ್ ಥ್ರಷ್ ಹಕ್ಕಿಗಳ ಹಾಡಿಗೆ ಕಿವಿಗೊಟ್ಟರೆ, ಮ್ಯೂರ್ ಅವರ ಲಕ್ಷ್ಯವೆಲ್ಲ ಮರ, ಹೂವು ಮತ್ತು ಬಂಡೆಗಳ ಮೇಲಿತ್ತು. ಇದು ರೂಸ್‌ವೆಲ್ಟ್ ಅವರಿಗೆ ಅಚ್ಚರಿಯನ್ನುಂಟುಮಾಡಿತು. ಆದರೆ ತೊರೆಗಳಲ್ಲಿ ಮುಳುಗೇಳುವ ವಾಟರ್ ಊಝೆಲ್ ಇಬ್ಬರಿಗೂ ಮೆಚ್ಚಿನ ಹಕ್ಕಿಯಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯದ ವಶದಲ್ಲಿದ್ದ ಕಣಿವೆಯನ್ನು ಕೇಂದ್ರ ಸರ್ಕಾರವೇ ರಕ್ಷಿಸಬೇಕೆಂದು ಮ್ಯೂರ್ ವಾದಿಸಿದರು. ೧೯೦೬ರಲ್ಲಿ ಕಣಿವೆಯೂ ಮಾರಿಪೋಸಾ ತೋಪೂ ಕೇಂದ್ರದ ಆಡಳಿತಕ್ಕೆ ಸೇರಿದವು.

ಕೊನೆಯ ವರ್ಷಗಳು

ಅದೇ ರಾಷ್ಟ್ರೀಯ ಉದ್ಯಾನದ ಹೆಚ್ ಹೆಚಿ ಕಣಿವೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರೊದಗಿಸಲು ಅಣೆಕಟ್ಟು ಕಟ್ಟುವ ಯೋಜನೆಯನ್ನು ಮ್ಯೂರ್ ಹಲವು ವರ್ಷ ವಿರೋಧಿಸಿದರು. ೧೯೧೩ರಲ್ಲಿ ಅಮೆರಿಕದ ಸಂಸತ್ತು ಯೋಜನೆಗೆ ಒಪ್ಪಿಗೆ ನೀಡಿತು. ಮರುವರ್ಷ ಮ್ಯೂರ್ ಲಾಸ್ ಏಂಜಲೀಸ್‌ನಲ್ಲಿ ನ್ಯುಮೋನಿಯಾದಿಂದ ನಿಧನರಾದರು. ಹೂವಿನ ಬಯಲುಗಳಿದ್ದ ಆ ಕಣಿವೆ ಈಗ ಜಲಾಶಯವಾಗಿದೆ.