ಮುಳ್ಳಿನಲ್ಲಿ ಮರ್ಮ ಕಂಡ ಮೆಚ್ನಿಕಾಫ್

ಹಿಂದೂಪುರ, ಕಲ್ಯಾಣದುರ್ಗದ ಕಡೆ ನೆಲಗಡಲೆ ಹೊಲದಲ್ಲಿ ದುಡಿಯುವ ಕನ್ನಡ ಬಂಧುಗಳಿಗಾಗಲಿ, ಇಲ್ಲಿ ಕಂಗಿನ ತೋಟದಲ್ಲಿ ಓಡಾಡುವ ನಮಗಾಗಲಿ ಕಾಲಿಗೆ ಮುಳ್ಳು ಚುಚ್ಚುವುದು ಹೊಸತಲ್ಲ. ಮುಳ್ಳು ಒಳಗೇ ಉಳಿದರೆ ಆ ಜಾಗ ಕೆಂಪಾಗಿ, ಬಾತು, ಕೀವು ಕಟ್ಟುತ್ತದೆ. ಈ ಕೀವಿನ ಅರ್ಥವನ್ನು ಲೋಕಕ್ಕೆ ತಿಳಿಸಿಕೊಟ್ಟ ಮಹನೀಯರು ಇಲ್ಯಾ ಮೆಚ್ನಿಕಾಫ್.

ಇಂದಿನ ಯುಕ್ರೇನಿನ ಖಾರ್ಕಿವ್ ಬಳಿಯ ಹಳ್ಳಿಯೊಂದರಲ್ಲಿ 1845ರಲ್ಲಿ ಜನಿಸಿದ ಇವರು ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಸಂಸಾರದಲ್ಲಿ ಕಷ್ಟ ತಪ್ಪಲಿಲ್ಲ. ಮೊದಲ ಪತ್ನಿ ಲುಡ್ಮಿಲಾ 1873ರಲ್ಲಿ ಕ್ಷಯರೋಗಕ್ಕೆ ಬಲಿಯಾದರು. ಎರಡನೆಯ ಪತ್ನಿ ಓಲ್ಗಾ ವಿಷಮಶೀತ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿ ಮರಳಿದರು. ದೇಹ ರೋಗವನ್ನು ಎದುರಿಸುವುದು ಹೇಗೆಂಬ ಪ್ರಶ್ನೆಯೇ ಮುಂದೆ ಅವರ ಬಾಳಿನ ಕೆಲಸವಾಯಿತು.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗಳ ಮೈಗೆ ಮುಳ್ಳು ಚುಚ್ಚಿಟ್ಟರು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೈಯೊಳಗೆ ಅಲೆಯುವ ಜೀವಕಣಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು! ನಮ್ಮ ಬಿಳಿ ರಕ್ತಕಣಗಳೂ ಹೀಗೆಯೇ ರೋಗಾಣುಗಳನ್ನು ಮುತ್ತಿ ನುಂಗುತ್ತವೆಂದು ಅವರು ಸಾರಿದರು. ಕೀವೆಂದರೆ ಬಹುಮಟ್ಟಿಗೆ ಈ ಹೋರಾಟದಲ್ಲಿ ಮಡಿದ ಬಿಳಿ ಕಣಗಳೇ.

ರಕ್ತದ ದ್ರವಾಂಶವೇ ರಕ್ಷಕವೆನ್ನುತ್ತಿದ್ದ ಜರ್ಮನ್ ವಿದ್ವಾಂಸರು ಇದನ್ನು ಒಪ್ಪಲಿಲ್ಲ. 1888ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆ ಅವರಿಗೆ ನೆಲೆ ಕೊಟ್ಟಿತು. ಎರಡು ಪಕ್ಷಗಳಲ್ಲೂ ಸತ್ಯವಿತ್ತು. 1908ರ ನೊಬೆಲ್ ಬಹುಮಾನವನ್ನು ಅವರಿಗೂ ಜರ್ಮನಿಯ ಪಾಲ್ ಎರ್ಲಿಕ್‌ರಿಗೂ ಜಂಟಿಯಾಗಿ ನೀಡಲಾಯಿತು. 1916ರಲ್ಲಿ ಮೆಚ್ನಿಕಾಫ್ ಪ್ಯಾರಿಸಿನಲ್ಲಿ ನಿಧನರಾದರು.

ಹುಟ್ಟಿನಿಂದಲೇ ಈ ಭಕ್ಷಕ ಕಣಗಳು ದುರ್ಬಲವಾಗಿರುವವರೂ ಇದ್ದಾರೆಂಬುದು ಅವರ ತರುವಾಯ ತಿಳಿದುಬಂತು. 1950ರ ದಶಕದಲ್ಲಿ ಗುರುತಿಸಲಾದ ಒಂದು ವಿರಳ ಕಾಯಿಲೆಯಲ್ಲಿ ಕಣಗಳು ರೋಗಾಣುವನ್ನು ನುಂಗುತ್ತವೆ. ಆದರೆ ಕೆಲವು ಬಗೆಯವನ್ನು ಕೊಲ್ಲಲಾರವು. ಚರ್ಮದಲ್ಲಿ ಕುರು, ನ್ಯುಮೋನಿಯಾ, ಪಿತ್ತಜನಕಾಂಗದಲ್ಲಿ ಕೀವು ಮತ್ತೆ ಮತ್ತೆ ಕಾಣಿಸುತ್ತವೆ. ಸಾಮಾನ್ಯವಾಗಿ ಬಾಲ್ಯದಲ್ಲೇ ಗೊತ್ತಾಗುವ ಈ ದೋಷ, ಸೌಮ್ಯವಾಗಿದ್ದರೆ ಪ್ರಾಯಕ್ಕೆ ಬಂದ ಮೇಲೂ ಬೆಳಕಿಗೆ ಬರುವುದುಂಟು.

ಆದುದರಿಂದ ದೊಡ್ಡವರಲ್ಲಿ ಸೋಂಕು ಪದೇಪದೇ ಮರುಕಳಿಸಿದರೆ ಗ್ರಹಚಾರವೆಂದು ಕೈಕಟ್ಟಿ ಕೂರುವುದಾಗಲಿ, ಪ್ರತಿಸಲವೂ ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗುವುದಾಗಲಿ ಸಲ್ಲದು. ಹೆಚ್ಚಿನವರಲ್ಲಿ ಸಕ್ಕರೆ ಕಾಯಿಲೆಯಂತಹ ಸಾಮಾನ್ಯ ಕಾರಣವೇ ಇರಬಹುದು. ಮೊದಲು ಅದನ್ನು ಪರೀಕ್ಷಿಸಬೇಕು. ಅದಿಲ್ಲವಾದರೆ ರೋಗನಿರೋಧಕ ಶಕ್ತಿಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಬಿಳಿ ಕಣಗಳು ರೋಗಾಣುವನ್ನು ಕೊಲ್ಲಬಲ್ಲವೇ ಎಂಬುದನ್ನು ಇಂದು ರಕ್ತಪರೀಕ್ಷೆಯಿಂದ ತಿಳಿಯಬಹುದು. ದೋಷವಿದ್ದವರಿಗೆ ಸೋಂಕು ತಡೆಯುವ ಔಷಧಗಳಿವೆ. ಕೆಲವರಿಗೆ ಅಸ್ಥಿಮಜ್ಜೆಯ ಕಸಿಯೂ ಸಾಧ್ಯ. ಅಂದು ನಕ್ಷತ್ರಮೀನಿನ ಮರಿಗೆ ಚುಚ್ಚಿದ ಮುಳ್ಳು ಇಂದಿಗೂ ಜೀವ ಉಳಿಸುತ್ತಿದೆ.